ಅಟ್ಟದ ಮೇಲಿನ ಹೆದರಿಕೆ: ‘ದಿ ನೇಮ್ ಆಫ್ ದಿ ರೋಸ್’ ಓದಿದ ಮೇಲೆ

ಬದಿಯಡ್ಕದ ಹತ್ತಿರ ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಕೆಂಪು ಬಟ್ಟೆ ಸುತ್ತಿದ ಓಲೆಗರಿಯ ಕಟ್ಟೊಂದಿತ್ತು. "ಮುಟ್ಟಬೇಡಿ ಮಕ್ಕಳೇ, ಅದರಲ್ಲಿ ಮಂತ್ರ ಉಂಟು" ಅಂತ ಅಜ್ಜಿ ಹೇಳುತ್ತಿದ್ದರು. ನಾವು ಏಣಿಯ ಹತ್ತಿರವೂ ಸುಳಿಯುತ್ತಿರಲಿಲ್ಲ. ಎಷ್ಟೋ ವರ್ಷ ಕಳೆದು ತುಳು ಲಿಪಿ ಬಲ್ಲವರೊಬ್ಬರು ಅದನ್ನು ಓದಿದರು. ಇದ್ದದ್ದು ದನಗಳ ಮದ್ದು.

ಉಂಬರ್ಟೊ ಎಕೋ ಅವರ ಈ ಕಾದಂಬರಿ ಓದುವಾಗ ಆ ಏಣಿ ಮತ್ತೆ ಮತ್ತೆ ಕಣ್ಣಮುಂದೆ ಬಂತು. 1980ರಲ್ಲಿ ಇಟಾಲಿಯನ್ ಭಾಷೆಯಲ್ಲಿ ಬಂದ ಪುಸ್ತಕ. ನಾನು ಓದಿದ್ದು ವಿಲಿಯಂ ವೀವರ್ ಅವರ ಇಂಗ್ಲಿಷ್ ಅನುವಾದ. ಕತೆ ನಡೆಯುವುದು 1327ರ ನವೆಂಬರ್ ಕೊನೆಯಲ್ಲಿ, ಉತ್ತರ ಇಟಲಿಯ ಬೆಟ್ಟದ ಮೇಲಿನ ಒಂದು ಕ್ರೈಸ್ತ ಮಠದಲ್ಲಿ. ಇಂಗ್ಲೆಂಡಿನ ಸನ್ಯಾಸಿ ವಿಲಿಯಂ ತನ್ನ ಎಳೆಯ ಶಿಷ್ಯ ಆಡ್ಸೋನ ಜೊತೆ ಅಲ್ಲಿಗೆ ಬರುತ್ತಾನೆ. ಅಷ್ಟರಲ್ಲೇ ಒಬ್ಬ ಸತ್ತಿದ್ದಾನೆ. ಮರುದಿನ ಇನ್ನೊಬ್ಬ ಹಂದಿಯ ರಕ್ತ ತುಂಬಿದ ಹಂಡೆಯಲ್ಲಿ ತಲೆಕೆಳಗಾಗಿ ಸಿಗುತ್ತಾನೆ. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯಲ್ಲಿ ಏಳು ತುತ್ತೂರಿಗಳ ಮಾತಿದೆ. ಮೊದಲನೆಯದಕ್ಕೆ ಆಲಿಕಲ್ಲು, ಎರಡನೆಯದಕ್ಕೆ ಸಮುದ್ರದ ಮೂರರಲ್ಲೊಂದು ಪಾಲು ರಕ್ತ. ಸಾವುಗಳು ಇದೇ ಲೆಕ್ಕದಲ್ಲಿ ಬರುತ್ತಿವೆ ಅಂತ ಒಬ್ಬ ಮುದುಕ ಸನ್ಯಾಸಿ ಹೇಳಿದ ಮೇಲೆ ಎಲ್ಲರ ಎದೆ ನಡುಗುತ್ತದೆ. ನನ್ನದೂ ನಡುಗಿತು.

ಮಠದ ನಡುವೆ ಒಂದು ಗ್ರಂಥಾಲಯ. ಒಳಗೆಲ್ಲ ಚಕ್ರವ್ಯೂಹದ ಹಾಗೆ ಕೋಣೆಗಳು. ಗ್ರಂಥಪಾಲಕನನ್ನು ಬಿಟ್ಟರೆ ಬೇರೆ ಯಾರೂ ಹೋಗುವ ಹಾಗಿಲ್ಲ. ರಾತ್ರಿ ಅಲ್ಲಿ ದೆವ್ವ ಓಡಾಡುತ್ತದೆ ಎಂದು ಮಾತು. ಗುರುಶಿಷ್ಯರು ಕದ್ದು ಒಳಗೆ ಹೋಗುವ ರಾತ್ರಿಯನ್ನು ನಾನು ಎರಡು ಸಲ ಓದಿದೆ. ಆಡ್ಸೋಗೆ ದೈತ್ಯನೊಬ್ಬ ಎದುರು ಬಂದಂತಾಗುತ್ತದೆ. ಅದು ವಕ್ರ ಕನ್ನಡಿಯಲ್ಲಿ ಕಂಡ ಅವನದೇ ರೂಪ. ಇನ್ನೊಂದು ಕೋಣೆಯಲ್ಲಿ ಗಿಡಮೂಲಿಕೆಯ ಹೊಗೆ ಹಾಕಿಟ್ಟಿದ್ದಾರೆ. ಮೂಗಿಗೆ ಹೊಡೆದರೆ ಸಾಕು, ಇಲ್ಲದ್ದೆಲ್ಲ ಕಾಣುತ್ತದೆ.

ಈ ಜಾತಿಯ ಕಾದಂಬರಿಗಳನ್ನು ನಾನು ತುಂಬ ಓದಿದ್ದೇನೆ. ಹೆಚ್ಚಿನವು ದೆವ್ವವನ್ನು ಸುಮ್ನೆ ಮಸಾಲೆಗೆ ತರುತ್ತವೆ. ಇಲ್ಲಿ ಹೆದರಿಕೆಗೆ ಒಂದು ಕೆಲಸ ಇದೆ, ಪುಸ್ತಕಗಳನ್ನು ಕಾಯುವ ಕೆಲಸ. ಆ ಹೆದರಿಕೆಯನ್ನು ಯಾರು ಇಟ್ಟರು, ಯಾಕೆ ಇಟ್ಟರು ಎಂದು ವಿಲಿಯಂ ಹುಡುಕುತ್ತಾನೆ. ಹಾಗಂತ ಅವನು ದೇವರನ್ನು ನಂಬದವನಲ್ಲ. ದೈವದ ಎದುರು ಕೈಮುಗಿದು ನಿಲ್ಲುವುದು ಬೇರೆ, ದೈವದ ಹೆಸರು ಹೇಳಿ ಹೆದರಿಸುವುದು ಬೇರೆ. ಕಾಸರಗೋಡಿನ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ನನಗೆ ಜಾಸ್ತಿ ನೋವಾದದ್ದು ಕೊಲೆಗಳಿಂದಲ್ಲ. ಹಸಿವು ತಾಳಲಾರದೆ, ಅಡುಗೆಮನೆಯಲ್ಲಿ ಏನಾದರೂ ಸಿಕ್ಕೀತೆಂದು ಮಠಕ್ಕೆ ಬರುವ ಒಬ್ಬ ಬಡ ಹುಡುಗಿ ಇದ್ದಾಳೆ. ಒಂದು ರಾತ್ರಿ ಅವಳು ಸಿಕ್ಕಿಬೀಳುತ್ತಾಳೆ. ಜೊತೆಗೆ ಕಪ್ಪು ಬೆಕ್ಕು, ಕಪ್ಪು ಹುಂಜ. ಚರಿತ್ರೆಯಲ್ಲಿ ನಿಜವಾಗಿ ಇದ್ದ ಬರ್ನಾರ್ಡ್ ಗುಯಿ ಎಂಬ ಧರ್ಮ ವಿಚಾರಣಾಧಿಕಾರಿಗೆ ಅಷ್ಟು ಸಾಕು, ಅವಳು ಮಾಟಗಾತಿ. ಅವಳ ಮಾತು ಅಲ್ಲಿ ಯಾರಿಗೂ ಅರ್ಥವಾಗುವುದಿಲ್ಲ. ಅವಳನ್ನು ಪ್ರೀತಿಸಿದ ಆಡ್ಸೋಗೆ ಅವಳ ಹೆಸರು ಕೂಡ ಗೊತ್ತಿಲ್ಲ. ಆ ಪುಟ ಓದಿ ದೀಪ ಆರಿಸಿದೆ. ನಿದ್ದೆ ಬರಲಿಲ್ಲ.

ಕಷ್ಟವೂ ಇದೆ. ಲ್ಯಾಟಿನ್ ವಾಕ್ಯಗಳಿಗೆ ಅರ್ಥ ಕೊಟ್ಟಿಲ್ಲ. ಏಸುವಿಗೆ ಸ್ವಂತ ಆಸ್ತಿ ಇತ್ತೇ ಇಲ್ಲವೇ ಎಂಬ ಚರ್ಚೆ ಪುಟಗಟ್ಟಲೆ ಹೋಗುತ್ತದೆ. ಮೊದಲ ನೂರು ಪುಟ ನಿಧಾನ. ಅಲ್ಲಿ ಕೈಬಿಡಬೇಡಿ. ಕತೆ ಏಳು ದಿನದ್ದು, ದಿನವನ್ನು ಪ್ರಾರ್ಥನೆಯ ಹೊತ್ತುಗಳಾಗಿ ಹಂಚಿದ್ದಾರೆ. ನಾನು ಒಂದು ದಿನದ ಕತೆಗೆ ಎರಡು ರಾತ್ರಿ ಇಟ್ಟುಕೊಂಡೆ. ಹದಿನಾಲ್ಕು ರಾತ್ರಿಗೆ ಮುಗಿಯಿತು. ಕೆಲವು ರಾತ್ರಿ ದೂರದಲ್ಲೆಲ್ಲೋ ಕೋಲದ ಸದ್ದು ಕೇಳುತ್ತಿತ್ತು. ಓದಿಗೆ ಅದು ಚೆನ್ನಾಗಿಯೇ ಸೇರಿಕೊಂಡಿತು.

ಸತ್ತವರಲ್ಲಿ ಕೆಲವರ ಬೆರಳ ತುದಿ ಕಪ್ಪಾಗಿರುತ್ತದೆ. ಅದನ್ನು ಓದಿದ ಮರುದಿನ ಬಾಳೆಕಾಯಿ ಕೊರೆಯುತ್ತಿದ್ದೆ, ಕಲೆ ಹಿಡಿದು ನನ್ನ ಬೆರಳೂ ಕಪ್ಪಾಗಿತ್ತು. ಕೈ ತೊಳೆಯುವುದನ್ನೂ ಮರೆತು ಯೋಚಿಸುತ್ತಾ ಕುಳಿತೆ. ಉತ್ತರ ಹೊಳೆಯಲಿಲ್ಲ. ಪುಸ್ತಕ ಈಗ ಅತ್ತಿಗೆಯ ಕೈಯಲ್ಲಿದೆ. ಮೂರನೇ ದಿನಕ್ಕೆ ಬಂದಿದ್ದಾರೆ. ಕೊನೆ ಹೇಳಬೇಡ ಅಂತ ಮಾತು ತೆಗೆದುಕೊಂಡಿದ್ದಾರೆ, ಅದಕ್ಕೆ ಇಲ್ಲಿಯೂ ಹೇಳುವುದಿಲ್ಲ.