ನಿಯರ್‌ಸ್ಪೆಕ್‌ನಲ್ಲಿ ಎರಿಸ್‌ನ ಹಿಮ: ಉಪಕರಣಕ್ಕೆ ಐದರಲ್ಲಿ ಐದು ಅಂಕ, ಸಿದ್ಧ ಫೈಲಿಗೆ ಎರಡು

ಎರಿಸ್, ಮಾಕೆಮಾಕೆಯಂಥ ದೂರದ ಕುಬ್ಜ ಗ್ರಹಗಳ ಮೇಲ್ಮೈಯ ಹಿಮ ಏನೆಂದು ಓದಲು ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕದ ಅವಕೆಂಪು ರೋಹಿತಮಾಪಕ ನಿಯರ್‌ಸ್ಪೆಕ್‌ಗೆ ಸದ್ಯ ಸಾಟಿಯಿಲ್ಲ. ಮಾಸ್ಟ್ ಎಂಬ ಆನ್‌ಲೈನ್ ಭಂಡಾರದಲ್ಲಿ ಅದರ ದತ್ತಾಂಶ ಪುಕ್ಕಟೆ ಸಿಗುತ್ತದೆ. ಸಾಮಾನ್ಯವಾಗಿ ವೀಕ್ಷಿಸಿದವರ 12 ತಿಂಗಳ ಮೀಸಲು ಅವಧಿ ಮುಗಿದರೆ ಸಾಕು. ಆದರೆ ಅಲ್ಲಿರುವ ಸಿದ್ಧ ರೋಹಿತವನ್ನು (ತರಂಗಾಂತರವಾರು ಬಿಡಿಸಿದ ಬೆಳಕನ್ನು) ಹಾಗೇ ಎತ್ತಿಕೊಂಡು ಹಿಮದ ಲೆಕ್ಕಕ್ಕೆ ಕೂತರೆ ಕೆಟ್ಟಿರಿ.

ಉಪಕರಣದ ಹೆಚ್ಚುಗಾರಿಕೆ ಇರುವುದು 3 ಮೈಕ್ರಾನ್ ತರಂಗಾಂತರದಿಂದಾಚೆಗೆ. ನೆಲದ ಮೇಲಿನ ದೂರದರ್ಶಕಕ್ಕೆ ಅಲ್ಲಿ ತನ್ನ ಕನ್ನಡಿಯ ಬಿಸಿಯೇ ಶತ್ರು. ಸಾಲದೆಂಬಂತೆ 3.3ರಲ್ಲಿ ನಮ್ಮ ಗಾಳಿಯ ಮೀಥೇನ್, 4.27ರ ಸುತ್ತ ಇಂಗಾಲದ ಡೈಆಕ್ಸೈಡ್ ಅಡ್ಡ ಬರುತ್ತವೆ. ಹುಡುಕಬೇಕಾದ ಪಟ್ಟಿಗಳೂ (ಹಿಮ ಬೆಳಕು ಹೀರುವ ತರಂಗಾಂತರಗಳೂ) ಅಲ್ಲೇ ಇವೆಯಲ್ಲ! 2024ರಲ್ಲಿ ಎರಿಸ್, ಮಾಕೆಮಾಕೆಗಳ ಮೀಥೇನ್ ಹಿಮದಲ್ಲಿ ಡ್ಯುಟೀರಿಯಂ (ಭಾರ ಜಲಜನಕ) ಪಾಲನ್ನು ಅಳೆದದ್ದು ಈ ಭಾಗದಿಂದಲೇ. ಆ ಪಾಲು 67ಪಿ ಧೂಮಕೇತುವಿನ ಮೀಥೇನ್‌ಗಿಂತ ಸಾಕಷ್ಟು ಕಡಿಮೆ ಬಂತು. ಹಾಗಾಗಿ ಈ ಮೀಥೇನ್ ಹುಟ್ಟುವಾಗಲೇ ಬಂದದ್ದಲ್ಲ, ಒಳಗಿನ ಬಿಸಿ ಶಿಲಾಗರ್ಭದಲ್ಲಿ ತಯಾರಾದದ್ದಿರಬೇಕು ಎಂಬ ವಾದಕ್ಕೆ ಬಲ ಸಿಕ್ಕಿತು.

ಯಾವ ವಿಧಾನದ ದತ್ತಾಂಶ ಇಳಿಸಿಕೊಳ್ಳಬೇಕು? ಬೆಳಕು ಬಿಡಿಸಲು ಪ್ರಿಸಂ, ಗ್ರೇಟಿಂಗ್ ಎಂಬ ಎರಡು ದಾರಿ. ಪ್ರಿಸಂ ಒಂದೇ ಏಟಿಗೆ 0.6ರಿಂದ 5.3 ಮೈಕ್ರಾನ್‌ವರೆಗೆ ಕೊಡುತ್ತದೆ, ಸೆಡ್ನಾದಂಥ ಮಸುಕು ಕಾಯಕ್ಕೆ ಅದೇ ಗತಿ. ಆದರೆ ವಿಭೇದನ (ಹತ್ತಿರದ ತರಂಗಾಂತರಗಳನ್ನು ಬೇರ್ಪಡಿಸುವ ಶಕ್ತಿ) ಸುಮಾರು 100 ಮಾತ್ರ. ಮೀಥೇನ್ ನೈಟ್ರೋಜನ್‌ನಲ್ಲಿ ಕರಗಿದ್ದರೆ 1.7 ಮೈಕ್ರಾನ್ ಆಸುಪಾಸಿನ ಅದರ ಪಟ್ಟಿಗಳು ಕೆಲವೇ ನ್ಯಾನೋಮೀಟರ್ ಕಿರು ತರಂಗಾಂತರದ ಕಡೆಗೆ ಜರುಗುತ್ತವೆ. ಪ್ರಿಸಂಗೆ ಅದು ಕಾಣುವುದೇ ಇಲ್ಲ. ಎರಿಸ್‌ಗೆ 1000 ವಿಭೇದನದ ಮಧ್ಯಮ ಗ್ರೇಟಿಂಗ್‌ಗಳೇ ಬೇಕು.

ಇನ್ನು ತಕರಾರು. ಐಎಫ್‌ಯು ಕ್ಯೂಬ್ ಎಂದರೆ ಚಿತ್ರದ ಪ್ರತಿ ಬಿಂದುವಿಗೂ ಒಂದು ರೋಹಿತ ಇರುವ ದತ್ತಾಂಶ. ಅದರ ಒಂದು ಸ್ಪ್ಯಾಕ್ಸೆಲ್ (ಬಿಂದು) 0.1 ಆರ್ಕ್‌ಸೆಕೆಂಡ್ (ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3600ನೇ ಒಂದು ಭಾಗ), 96 ಖಗೋಳಮಾನ (ಭೂಮಿ-ಸೂರ್ಯರ ಅಂತರದ 96 ಪಟ್ಟು) ದೂರದ, 2326 ಕಿ.ಮೀ. ವ್ಯಾಸದ ಎರಿಸ್ ಅದರ ಮೂರನೇ ಒಂದು ಪಾಲಿನಷ್ಟು. ಅಂದರೆ ಬರೀ ಚುಕ್ಕೆ. ಚುಕ್ಕೆಯ ಬೆಳಕು ಇಷ್ಟು ಒರಟು ಜಾಲರಿಯ ಮೇಲೆ ಬಿದ್ದಾಗ ಒಂದೊಂದೇ ಸ್ಪ್ಯಾಕ್ಸೆಲ್‌ನ ರೋಹಿತ ಅಲೆಅಲೆಯಾಗಿ ಏರಿಳಿಯುತ್ತದೆ. ಅದನ್ನು ಹೊಸ ಹಿಮದ ಪಟ್ಟಿ ಎಂದು ಸಂಭ್ರಮಿಸಬೇಡಿ. ಹಲವು ಸ್ಪ್ಯಾಕ್ಸೆಲ್‌ಗಳನ್ನು ಕೂಡಿಸಿದರೆ ಅಲೆ ಬಹುಮಟ್ಟಿಗೆ ಅಡಗುತ್ತದೆ. ತೀರಾ ದೊಡ್ಡ ವೃತ್ತ ತೆಗೆದುಕೊಂಡರೆ ಅರ್ಧ ಆರ್ಕ್‌ಸೆಕೆಂಡ್ ಆಚೆಗಿರುವ ಉಪಗ್ರಹ ಡಿಸ್ನೋಮಿಯಾ ಒಳಗೆ ಬರುತ್ತದೆ. 3 ಸ್ಪ್ಯಾಕ್ಸೆಲ್ ತ್ರಿಜ್ಯದಿಂದ ಶುರು ಮಾಡಿ.

ಫೈಲುಗಳಲ್ಲಿ 'ಎಕ್ಸ್1ಡಿ' ಎಂದು ಕೊನೆಗೊಳ್ಳುವ ಸಿದ್ಧ ರೋಹಿತವನ್ನು ಪೂರ್ವವೀಕ್ಷಣೆಗೆ ಮಾತ್ರ ಇಟ್ಟುಕೊಳ್ಳಿ. 'ಅನ್‌ಕ್ಯಾಲ್' (ಕಚ್ಚಾ ದತ್ತಾಂಶ) ಇಳಿಸಿ, ಅದನ್ನು ಸಂಸ್ಕರಿಸುವ ತಂತ್ರಾಂಶವಾದ ಪೈಪ್‌ಲೈನಿನ ಮೂರೂ ಹಂತ ನೀವೇ ಓಡಿಸಿ. ಮೊದಲ ಹಂತದ ನಂತರ 'ರೇಟ್' ಚಿತ್ರವನ್ನು ತೆರೆದು ಕಣ್ಣಾರೆ ನೋಡಿ: ಉದ್ದುದ್ದ ಪಟ್ಟೆಗಳು ಕಂಡರೆ ಅದು ಡಿಟೆಕ್ಟರ್ ಓದುವಾಗಿನ ಗದ್ದಲ, ಪೈಪ್‌ಲೈನಿನಲ್ಲಿ ಅದನ್ನು ತೊಳೆಯುವ ಆಯ್ಕೆ ಇದೆ. ಮೂರನೇ ಹಂತದ ಔಟ್‌ಲೈಯರ್ (ಉಳಿದವಕ್ಕೆ ಹೊಂದದ ಬಿಂದು) ತೆಗೆಯುವ ಭಾಗ ಕಾಸ್ಮಿಕ್ ಕಿರಣದ ಜೊತೆಗೆ ಕೆಲವೊಮ್ಮೆ ಎರಿಸ್‌ನ ನಡುಮಧ್ಯದ ಹೊಳಪನ್ನೂ ಕಿತ್ತೆಸೆಯುತ್ತದೆ. ಆ ಭಾಗವನ್ನು ಬಿಟ್ಟು ಒಂದು ಸಲ, ಸೇರಿಸಿ ಒಂದು ಸಲ ಓಡಿಸಿ ಹೋಲಿಸದೆ ಮುಂದೆ ಹೋಗಬೇಡಿ.

ಎರಿಸ್‌ನಿಂದ ಬರುವುದು ಪ್ರತಿಫಲಿಸಿದ ಬಿಸಿಲು, ಹಾಗಾಗಿ ಪ್ರತಿಫಲನ ರೋಹಿತ ಬೇಕಾದರೆ ಸೂರ್ಯನ ರೋಹಿತದಿಂದ ಭಾಗಿಸಬೇಕು. ಸೂರ್ಯನ ಮಾದರಿ ರೋಹಿತಕ್ಕಿಂತ ಪಿ330ಇಯಂಥ ಸೂರ್ಯಸದೃಶ ನಕ್ಷತ್ರದ ನಿಯರ್‌ಸ್ಪೆಕ್ ದತ್ತಾಂಶವೇ ವಾಸಿ. ಅದೇ ಗ್ರೇಟಿಂಗ್, ಅದೇ ಪೈಪ್‌ಲೈನ್ ಆವೃತ್ತಿ, ಅದೇ ತ್ರಿಜ್ಯ ಇರಲಿ. ತರಂಗಾಂತರ ಬೆಳೆದಂತೆ ಚುಕ್ಕೆ ಹಿಗ್ಗಿ ವೃತ್ತದ ಹೊರಗೆ ಸೋರುವ ಬೆಳಕು ಎರಡರಲ್ಲೂ ಒಂದೇ ಆಗಿ, ಭಾಗಾಕಾರದಲ್ಲಿ ಹೊರಟುಹೋಗುತ್ತದೆ. ಇಲ್ಲದಿದ್ದರೆ ಇಲ್ಲದ ಇಳಿಜಾರು ಬರುತ್ತದೆ. ಸೂರ್ಯನಲ್ಲೇ ಇಂಗಾಲದ ಮಾನಾಕ್ಸೈಡ್‌ನ ಗೆರೆಗಳು 4.6 ಮೈಕ್ರಾನ್ ಸುತ್ತ ದಟ್ಟವಾಗಿವೆ. ಭಾಗಾಕಾರ ಚೂರು ತಪ್ಪಿದರೂ 4.67ರಲ್ಲಿ 'ಮಾನಾಕ್ಸೈಡ್ ಹಿಮ' ಸಿಕ್ಕಂತೆ ಕಾಣುತ್ತದೆ.

ಮಾದರಿ ಕೂರಿಸುವಾಗ ಪ್ರಯೋಗಾಲಯದ ದ್ಯುತಿ ಸ್ಥಿರಾಂಕಗಳನ್ನು (ಹಿಮ ಬೆಳಕನ್ನು ಎಷ್ಟು ಹೀರುತ್ತದೆ, ಬಾಗಿಸುತ್ತದೆ ಎಂಬ ಅಂಕಿಗಳನ್ನು) ಯಾವ ತಾಪದಲ್ಲಿ ಅಳೆದರೆಂದು ನೋಡಿ. ಮೀಥೇನ್ 20.4 ಕೆಲ್ವಿನ್‌ನಲ್ಲಿ, ನೈಟ್ರೋಜನ್ 35.6 ಕೆಲ್ವಿನ್‌ನಲ್ಲಿ ಹರಳಿನ ರಚನೆ ಬದಲಿಸುತ್ತವೆ. ಈ ತಾಪದ ತಪ್ಪು ಬದಿಯಲ್ಲಿ ಅಳೆದ ಕೋಷ್ಟಕ ತೆಗೆದುಕೊಂಡರೆ ಪಟ್ಟಿಯ ಆಕಾರ ಹೊಂದುವುದಿಲ್ಲ, ಆ ಕೊರತೆ ತುಂಬಲು ಮಾದರಿ ತಾನೇ ಒಂದು ಸುಳ್ಳು ಮಿಶ್ರಣ ಸೇರಿಸಿಕೊಳ್ಳುತ್ತದೆ.