ಕೋಲಾರದ ಟೊಮೆಟೊ ಪಟ್ಟಿಗೆ ಜ್ಯಾಂಗೋ: ಕೊಂಡಿ ಗಟ್ಟಿ, ಕನ್ನಡದ ಸ್ಲಗ್ ಸೊರಗು

ಕೋಲಾರದ ಎಪಿಎಂಸಿಯ ಮಂಡಿಗೊಂದು ವೆಬ್ ತಾಣ ಕಟ್ಟುವಾಗ ಕೆಲಸದ ತಿರುಳು ಎರಡು ಪುಟಗಳಲ್ಲಿರುತ್ತದೆ. ಒಂದರಲ್ಲಿ ದಿನದ ಲಾಟ್‌ಗಳ ಪಟ್ಟಿ. ಇನ್ನೊಂದರಲ್ಲಿ ಒತ್ತಿದ ಲಾಟ್‌ನ ವಿವರ: ಯಾವ ಊರಿನದು, ಯಾವ ತಳಿ, 15 ಕೆಜಿಯ ಬಾಕ್ಸ್ ಎಷ್ಟು, ಹರಾಜಿನಲ್ಲಿ ದರ ಎಷ್ಟಕ್ಕೆ ನಿಂತಿತು. ಈ ಎರಡನ್ನು ಬೆಸೆಯುವ ಕೆಲಸಕ್ಕೆ ಪೈಥಾನ್ ಭಾಷೆಯ ವೆಬ್ ಚೌಕಟ್ಟಾದ ಜ್ಯಾಂಗೋ 5.2 ಹೇಗಿದೆ ಎಂಬುದಷ್ಟೇ ಇಲ್ಲಿನ ವಿಷಯ. ಧೈರ್ಯವಾಗಿ ಆರಿಸಿಕೊಳ್ಳಬಹುದು. ಆದರೆ ವಿಳಾಸದಲ್ಲಿ ಕನ್ನಡದ ಹೆಸರು ಬರುವುದಾದರೆ ಎಚ್ಚರ ಬೇಕು.

ಅಮೆರಿಕದ ಕ್ಯಾನ್ಸಸ್‌ನ ಪತ್ರಿಕೆಯೊಂದರ ವೆಬ್ ತಂಡದಲ್ಲಿ ಹುಟ್ಟಿ 2005ರಲ್ಲಿ ಮುಕ್ತವಾದ ಚೌಕಟ್ಟು ಇದು. ಸುದ್ದಿಪಟ್ಟಿಯಿಂದ ಸುದ್ದಿಗೆ ಹೋಗುವುದೇ ಅಲ್ಲಿನ ನಿತ್ಯದ ಕೆಲಸವಾದ್ದರಿಂದ, ಪಟ್ಟಿಗೆ ಲಿಸ್ಟ್‌ವ್ಯೂ, ದಾಖಲೆಗೆ ಡೀಟೇಲ್‌ವ್ಯೂ ಎಂಬ ಜೋಡಿ ಸಿದ್ಧವಾಗಿ ಸಿಗುತ್ತದೆ. ಲಾಟ್ ಎಂಬ ಮಾಡೆಲ್ (ದಾಖಲೆಯ ರಚನೆ) ಕೊಟ್ಟರೆ ಲಾಟ್_ಲಿಸ್ಟ್ ಮತ್ತು ಲಾಟ್_ಡೀಟೇಲ್ ಎಂಬ ಟೆಂಪ್ಲೇಟ್‌ಗಳನ್ನು (ಪುಟದ ಅಚ್ಚುಗಳನ್ನು) ತಾನೇ ಹುಡುಕಿಕೊಳ್ಳುತ್ತದೆ.

ಇದರ ನಿಜವಾದ ಬಲ ಮಾಡೆಲ್‌ನಲ್ಲಿ ಬರೆಯುವ ಗೆಟ್_ಅಬ್ಸಲ್ಯೂಟ್_ಯುಆರ್‌ಎಲ್. ದಾಖಲೆಯ ವಿಳಾಸವನ್ನು, ಹೆಸರಿನಿಂದ ವಿಳಾಸ ಕಟ್ಟಿಕೊಡುವ ರಿವರ್ಸ್ ಮೂಲಕ ಅಲ್ಲಿ ಒಮ್ಮೆ ಬರೆದರೆ ಸಾಕು. ಪಟ್ಟಿಯ ಪ್ರತಿ ಸಾಲೂ ಅದನ್ನೇ ಕೇಳುತ್ತದೆ, ಅಡ್ಮಿನ್‌ನಲ್ಲಿ ತಾಣದ ಪುಟ ತೋರಿಸುವ ಗುಂಡಿ ಬರುತ್ತದೆ, ಹೊಸ ದಾಖಲೆ ಉಳಿಸಿದ ಮೇಲೆ ಕ್ರಿಯೇಟ್‌ವ್ಯೂ ಅಲ್ಲಿಗೇ ಕರೆದೊಯ್ಯುತ್ತದೆ. ನಾಳೆ ವಿಳಾಸದ ರೂಪ ಬದಲಾದರೂ ಟೆಂಪ್ಲೇಟ್ ಮುಟ್ಟಬೇಕಿಲ್ಲ.

ಹಾಗೆ ಮಾಡದೆ ಟೆಂಪ್ಲೇಟ್‌ನಲ್ಲಿ ವಿಳಾಸವನ್ನು ಕೈಯಾರೆ ಜೋಡಿಸಿದರೆ ತಿಂಗಳುಗಟ್ಟಲೆ ಏನೂ ಆಗದಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಸಾವಿರದ ಅಲ್ಪವಿರಾಮ ಚಾಲೂ ಇದ್ದು ಭಾಷೆ ಇಂಗ್ಲಿಷ್ ಆಗಿದ್ದರೆ, 999ರವರೆಗೆ ಸರಿಯಾಗಿದ್ದ ಕೊಂಡಿ 1000ನೇ ದಾಖಲೆಗೆ '1,000' ಎಂದು ಅಚ್ಚಾಗಿ 404 (ಪುಟ ಸಿಗಲಿಲ್ಲ) ಕೊಡುತ್ತದೆ. ಯುಆರ್‌ಎಲ್ ಟ್ಯಾಗ್ ಅಥವಾ ಮಾಡೆಲ್‌ನ ವಿಧಾನ ಬಳಸಿದವರಿಗೆ ಈ ಕಾಟವಿಲ್ಲ. ಅಲ್ಲಿ ಸಂಖ್ಯೆ ಅಲಂಕಾರವಿಲ್ಲದೆ ಹೋಗುತ್ತದೆ.

ಇನ್ನು ಸ್ಲಗ್, ಅಂದರೆ ವಿಳಾಸದಲ್ಲಿ ಓದಲು ಬರುವ ಹೆಸರಿನ ತುಂಡು. ಊರಿನ ಹೆಸರೇ ವಿಳಾಸದಲ್ಲಿ ಇರಲಿ ಎಂದು, ಹೆಸರನ್ನು ಸ್ಲಗ್ ಮಾಡುವ ಸ್ಲಗಿಫೈಗೆ 'ಕೋಲಾರ' ಕೊಟ್ಟು ನೋಡಿ: ಖಾಲಿ ಉತ್ತರ ಬರುತ್ತದೆ, ಏಕೆಂದರೆ ಅದು ಅಕ್ಷರಗಳಲ್ಲಿ ಇಂಗ್ಲಿಷಿನವನ್ನಷ್ಟೇ ಉಳಿಸಿಕೊಳ್ಳುತ್ತದೆ. ಸ್ಲಗ್ ಅನನ್ಯವಾಗಿರಬೇಕು ಎಂದು ಗುರುತಿಸಿದ್ದರೆ ಎರಡನೇ ಊರು ಉಳಿಸುವಾಗಲೇ, ಅದೂ ಖಾಲಿಯಾದ್ದರಿಂದ, ಡೇಟಾಬೇಸ್‌ನ ಇಂಟೆಗ್ರಿಟಿ ಎರರ್. ಮೊದಲನೆಯದೂ ಕ್ಷೇಮವಲ್ಲ: ಖಾಲಿ ಸ್ಲಗ್‌ಗೆ ವಿಳಾಸ ಕಟ್ಟಲಾಗದೆ ನೋರಿವರ್ಸ್‌ಮ್ಯಾಚ್ ಎಂಬ ದೋಷ ಬಂದು, ಒಂದು ಸಾಲಿನ ತಪ್ಪಿಗೆ ಇಡೀ ಪಟ್ಟಿಯೇ ಬೀಳುತ್ತದೆ.

ಇತರ ಲಿಪಿಗಳನ್ನೂ ಬಿಡುವ ಅಲೋ_ಯೂನಿಕೋಡ್ ಆಯ್ಕೆ ಹಾಕಿದರೆ ಸರಿಹೋಯಿತು ಎಂದು ಹಲವರು ಅಲ್ಲಿಗೇ ಬಿಡುತ್ತಾರೆ. ಸರಿಹೋಗುವುದಿಲ್ಲ. 'ಕೋಲಾರ' ಈಗ 'ಕಲರ' ಆಗುತ್ತದೆ, 'ಶ್ರೀನಿವಾಸಪುರ' 'ಶರನವಸಪರ' ಆಗುತ್ತದೆ. ಪೈಥಾನ್‌ನ ರೆಗೆಕ್ಸ್ (ಪಠ್ಯದಲ್ಲಿ ನಮೂನೆ ಹುಡುಕುವ ಸಾಧನ) ಕಣ್ಣಿಗೆ ನಮ್ಮ ಸ್ವರಚಿಹ್ನೆಗಳೂ ಒತ್ತಕ್ಷರ ಕೂಡಿಸುವ ಹಲಂತ ಚಿಹ್ನೆಯೂ (್) ಅಕ್ಷರಗಳಲ್ಲ, ಹಾಗಾಗಿ ಅವನ್ನು ಕಿತ್ತುಹಾಕುತ್ತದೆ. ಗುಣಿತಾಕ್ಷರವಿಲ್ಲದೆ ಕನ್ನಡವೇ ಇಲ್ಲ ಎನ್ನುವವರಿಗೆ ಇದು ಸಣ್ಣ ಕೊರತೆಯಲ್ಲ. ಮಾಡೆಲ್‌ನಲ್ಲಿ ಸ್ಲಗ್ ಇಡುವ ಸ್ಲಗ್‌ಫೀಲ್ಡ್‌ನ ಯೂನಿಕೋಡ್ ತಪಾಸಣೆಯೂ ಇದೇ ನಿಯಮದಲ್ಲಿ ನಡೆಯುವುದರಿಂದ ಸರಿಯಾಗಿ ಬರೆದ 'ಮಾಲೂರು' ಫಾರ್ಮ್‌ನಲ್ಲಿ ತಿರಸ್ಕೃತವಾಗುತ್ತದೆ. ವಿಳಾಸದ ನಮೂನೆ ಬರೆಯುವ ಪಾತ್‌ನ ಸ್ಲಗ್ ಪರಿವರ್ತಕವಂತೂ ಕನ್ನಡ ಲಿಪಿಯನ್ನೇ ಒಪ್ಪುವುದಿಲ್ಲ.

ಕೆಲಸ ಮಾಡುವ ದಾರಿ ಹೀಗಿದೆ. ಸ್ಲಗ್‌ಫೀಲ್ಡ್ ಬದಲು ಸಾಮಾನ್ಯ ಪಠ್ಯದ ಚಾರ್‌ಫೀಲ್ಡ್ ಇಡಿ. ಯೂನಿಕೋಡ್‌ಡೇಟಾ ಮಾಡ್ಯೂಲ್‌ನಿಂದ ಪ್ರತಿ ಚಿಹ್ನೆಯ ವರ್ಗ ನೋಡಿ ಅಕ್ಷರ, ಅಕ್ಷರಕ್ಕೆ ಅಂಟುವ ಚಿಹ್ನೆ, ಅಂಕಿ ಈ ಮೂರನ್ನು ಉಳಿಸಿ, ಖಾಲಿ ಜಾಗಕ್ಕೆ ಅಡ್ಡಗೆರೆ ಹಾಕುವ ನಾಲ್ಕು ಸಾಲಿನ ಫಂಕ್ಷನ್ ಬರೆಯಿರಿ. ಕನ್ನಡ ಟೈಪಿಂಗ್‌ನಲ್ಲಿ ನುಸುಳುವ ಕಣ್ಣಿಗೆ ಕಾಣದ ಜಾಯಿನರ್‌ಗಳೂ ಈ ಜರಡಿಯಲ್ಲಿ ಉದುರಿಹೋಗುತ್ತವೆ. ವಿಳಾಸವನ್ನು 'ಇಂಟ್:ಪಿಕೆ', ಓರೆಗೆರೆ, 'ಎಸ್‌ಟಿಆರ್:ಸ್ಲಗ್' ಎಂದು ಜೋಡಿಸಿ (ಪಿಕೆ ಎಂದರೆ ದಾಖಲೆಯನ್ನು ಗುರುತಿಸುವ ಸಂಖ್ಯೆ). ಎರಡೂ ಇದ್ದಾಗ ಡೀಟೇಲ್‌ವ್ಯೂ ಪಿಕೆಯಿಂದಲೇ ದಾಖಲೆ ಹುಡುಕುತ್ತದೆ, ಸ್ಲಗ್ ಓದುಗರ ಅನುಕೂಲಕ್ಕಷ್ಟೇ. ಊರಿನ ಹೆಸರು ತಿದ್ದಿದರೂ ಹಳೆಯ ಕೊಂಡಿ ಮುರಿಯುವುದಿಲ್ಲ. ಒಂದು ಮಾತು: ಕನ್ನಡದ ಪ್ರತಿ ಸಂಕೇತ ವಿಳಾಸದಲ್ಲಿ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ. 'ಕೋಲಾರ' ಒಂದೇ 45. ವಾಟ್ಸ್ಯಾಪ್‌ನಲ್ಲಿ ಹಂಚುವ ಕೊಂಡಿಯಾದರೆ ಪಿಕೆ ಮಾತ್ರ ಸಾಕು.

ಪಟ್ಟಿಯ ಕಡೆ ದೂರುಗಳು ಕಡಿಮೆ. ಪ್ರತಿ ಸಾಲಿನಲ್ಲಿ ಊರಿನ ಹೆಸರು ತೋರಿಸುವುದಾದರೆ ಅದನ್ನೂ ಒಂದೇ ಪ್ರಶ್ನೆಯಲ್ಲಿ ತರುವ ಸೆಲೆಕ್ಟ್_ರಿಲೇಟೆಡ್ ಹಾಕಲೇಬೇಕು, ಇಲ್ಲದಿದ್ದರೆ ಐವತ್ತು ಸಾಲಿಗೆ ಡೇಟಾಬೇಸ್‌ಗೆ ಐವತ್ತು ಹೆಚ್ಚುವರಿ ಪ್ರಶ್ನೆ ಹೋಗುತ್ತದೆ. ದಿನಾಂಕವೊಂದರಿಂದಲೇ ಅನುಕ್ರಮ ಕೊಟ್ಟರೆ ಒಂದೇ ದಿನದ ಲಾಟ್‌ಗಳು ಪುಟದಿಂದ ಪುಟಕ್ಕೆ ಜಿಗಿದು ಕೆಲವು ಎರಡು ಸಲ, ಕೆಲವು ಒಮ್ಮೆಯೂ ಕಾಣದಿರಬಹುದು. ಕೊನೆಯಲ್ಲಿ ಪಿಕೆ ಸೇರಿಸಿ. ಮುಳಬಾಗಿಲು ಎಂದು ಸೋಸಿದ ಪಟ್ಟಿ ಎರಡನೇ ಪುಟದಲ್ಲಿ ಸೋಸುವಿಕೆಯನ್ನು ಮರೆಯುವ ಹಳೆಯ ತೊಂದರೆಗೆ 5.1ರಲ್ಲಿ ಬಂದ ಕ್ವೆರಿಸ್ಟ್ರಿಂಗ್ ಟ್ಯಾಗ್ ಒಳ್ಳೆಯ ಉತ್ತರ.

ಜ್ಯಾಂಗೋದ್ದು ಬಿಎಸ್‌ಡಿ ಎಂಬ ಮುಕ್ತ ಪರವಾನಗಿ, ದುಡ್ಡು ಕೊಡಬೇಕಿಲ್ಲ.

ರೈತರ ಲೆಕ್ಕದ ಚೀಟಿಗೂ ಇದೇ ಜೋಡಿ ಬಳಸುವವರು ಗಮನಿಸಬೇಕು. ಲಾಗಿನ್ ಕಡ್ಡಾಯ ಮಾಡಿದರಷ್ಟೇ ಸಾಲದು: ವಿಳಾಸದಲ್ಲಿ 41 ಅಳಿಸಿ 42 ಎಂದು ಹಾಕಿದರೆ ಪಕ್ಕದವರ ಪಾವತಿ ಕಾಣುತ್ತದೆ. ಡೀಟೇಲ್‌ವ್ಯೂನಲ್ಲಿ ದಾಖಲೆಗಳನ್ನು ಆರಿಸುವ ಗೆಟ್_ಕ್ವೆರಿಸೆಟ್‌ನಲ್ಲೇ ಲಾಗಿನ್ ಆದವರ ದಾಖಲೆಗಳನ್ನಷ್ಟೇ ಸೋಸಿ ಕೊಡಿ. ಆಗ ಬೇರೆಯವರ ಸಂಖ್ಯೆಗೆ 404 ಬರುತ್ತದೆ, ಅಂಥ ಚೀಟಿ ಇದೆಯೋ ಇಲ್ಲವೋ ಎಂಬುದೂ ಹೊರಗೆ ತಿಳಿಯುವುದಿಲ್ಲ.