ಯುವನಿಧಿ: ಸೇವೆ ಚೆನ್ನ, ದರ ಸಾಲದು
ಕಲಬುರಗಿಯ ಸೇವಾ ಕೇಂದ್ರವೊಂದರಲ್ಲಿ ಡಿಪ್ಲೊಮಾ ಮುಗಿಸಿದ ತಮ್ಮನ ಯುವನಿಧಿ (ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆ) ಅರ್ಜಿಯನ್ನು ಸರ್ಕಾರಿ ಸೇವೆಗಳ ಜಾಲತಾಣವಾದ ಸೇವಾಸಿಂಧು ಮೂಲಕ ಸಲ್ಲಿಸಿದೆವು. ಸಿಬ್ಬಂದಿ ಅಂಕಪಟ್ಟಿಯನ್ನೂ ಆಧಾರ್ ಜೋಡಣೆಯಾದ ಬ್ಯಾಂಕ್ ಖಾತೆಯನ್ನೂ ತಾಳ್ಮೆಯಿಂದ ಪರಿಶೀಲಿಸಿದರು. ಕೊರತೆಯಿರುವುದು ಯೋಜನೆಯ ದರದಲ್ಲಿ. ತೇರ್ಗಡೆಯಾಗಿ 180 ದಿನ ಕಳೆದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ ಅದರ ಅರ್ಧ, ಅಂದರೆ 1,500 ರೂಪಾಯಿ, ಗರಿಷ್ಠ 2 ವರ್ಷದವರೆಗೆ ದೊರೆಯುತ್ತದೆ. ಕೋಣೆಯ ಬಾಡಿಗೆಯಾಗಲಿ, ಖಾನಾವಳಿಯ ಜೋಳದ ರೊಟ್ಟಿಯಾಗಲಿ ಪ್ರಮಾಣಪತ್ರ ನೋಡಿ ಅಗ್ಗವಾಗುವುದಿಲ್ಲ. ಸಂದರ್ಶನಕ್ಕೆಂದು ಒಮ್ಮೆ ಬೆಂಗಳೂರಿಗೆ ಹೋಗಿಬಂದರೆ ಆ ತಿಂಗಳ ಮೊತ್ತದಲ್ಲಿ ಹೆಚ್ಚೇನೂ ಉಳಿಯದು. ಕೇಂದ್ರದ ಸೇವೆಗೆ ಐದರಲ್ಲಿ ನಾಲ್ಕು ಅಂಕ. ಡಿಪ್ಲೊಮಾ ದರಕ್ಕೆ ಎರಡಕ್ಕಿಂತ ಹೆಚ್ಚು ಕೊಡಲಾರೆ.